ಮೆತ್ತಗಾದ ಸಕಾರ

ಕನ್ನಡಕ್ಕೆ ಶ, ಷ, ಸ ಎಂದು ಮೂರಿವೆ, ನನ್ನ ಲೆಕ್ಕದಲ್ಲಿ ಮೂರೂ ಸಕಾರವೇ. ಪಂಡಿತರಿಗೆ ಅದು ಹೆಮ್ಮೆ ಇರಬಹುದು, ನನಗೆ ಮಾತ್ರ ಇಪ್ಪತ್ತು ಚಿಲ್ಲರೆ ವರ್ಷಗಳ ತಲೆನೋವು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ, ಒಂದು ಹಳೆಯ ಕಟ್ಟಡದ ಎರಡನೇ ಮಾಳಿಗೆಯಲ್ಲಿ ನನ್ನದೊಂದು ಒಂಟಿ ಕೋಣೆಯ ರೆಕಾರ್ಡಿಂಗ್ ಸ್ಟುಡಿಯೋ ಇದೆ. ಅಲ್ಲಿಗೆ ಹಾಡಲು ಬರುವವರಲ್ಲಿ ಮುಕ್ಕಾಲು ಪಾಲು ಭಜನೆಯವರು. ದೇವರ ಹೆಸರುಗಳಾದರೂ ಸುಮ್ಮನಿವೆಯೇ? ಶಿವ, ವಿಷ್ಣು, ಈಶ, ಶಾಸ್ತಾವು, ಸುಬ್ರಹ್ಮಣ್ಯ. ಒಳ್ಳೆಯ ಮೈಕಿನ ಮುಂದೆ ಇವರಲ್ಲಿ ಯಾರನ್ನು ಕರೆದರೂ ಮೊದಲು ಬರುವುದು ದೇವರಲ್ಲ, ಹಲ್ಲಿನ ಸಂದಿಯಿಂದ ಸುಯ್ಯೆಂದು ನುಗ್ಗುವ ಗಾಳಿ. ಎದುರು ನಿಂತು ಕೇಳಿದರೆ ಗೊತ್ತಾಗದು. ರೆಕಾರ್ಡಾಗಿ ಹೊರಬಂದಾಗ ಕಿವಿಗೆ ಚುಚ್ಚುತ್ತದೆ.

ಅದನ್ನು ಪಳಗಿಸಲು ಡಿ-ಎಸ್ಸರ್ ಎಂಬ ಪ್ಲಗಿನ್ ಇದೆ. ಕಂಪ್ಯೂಟರಿನೊಳಗೆ ಕೂತು ಇಡೀ ಹಾಡಿಗೆ ಕಾವಲಿರುತ್ತದೆ. ಸಕಾರ ತಲೆಯೆತ್ತಿದಾಗ ಮಾತ್ರ ಅದನ್ನು ಒಂದಿಷ್ಟು ಒತ್ತಿ ಕೂರಿಸಿ, ಮರುಕ್ಷಣ ಕೈಬಿಡುತ್ತದೆ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂದು ಹೇಳಿಕೊಡಬೇಕಾದವನು ನಾನು. ಕಮ್ಮಿಯಾದರೆ ಚುಚ್ಚುವುದು ನಿಲ್ಲದು. ಹೆಚ್ಚಾದರೆ ಹಾಡುವವರು ತೊದಲುತ್ತಾರೆ, ಶಿವ ಹೋಗಿ ಥಿವ ಆಗುತ್ತಾನೆ. ನಡುವಿನ ಆ ಕೂದಲೆಳೆಯಷ್ಟು ಜಾಗವನ್ನು ಯಾವ ಮೀಟರೂ ತೋರಿಸುವುದಿಲ್ಲ, ಕಿವಿಯೇ ಹುಡುಕಬೇಕು. ನನ್ನ ಕಿವಿ ಹುಡುಕುತ್ತಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಮೂರೂ ತಾಲೂಕಿನಲ್ಲಿ ಸಕಾರ ಇಳಿಸುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂಬ ಜಂಬವೂ ಇತ್ತು. ಯಾರೂ ಸ್ಪರ್ಧೆಗೆ ಬಂದಿರಲಿಲ್ಲ ಎನ್ನುವುದು ಬೇರೆ ಮಾತು.

ಭಜನೆಯವರಲ್ಲಿ ಇನ್ನೊಂದು ಕಷ್ಟ ತಾಳದ್ದು. ತಾಳದ ಕಿಣಿಕಿಣಿಯೂ ಸಕಾರದಷ್ಟೇ ಎತ್ತರದ ಸದ್ದು. ಪ್ಲಗಿನ್ನಿಗೆ ವ್ಯತ್ಯಾಸ ತಿಳಿಯದೆ, ತಾಳ ಹೊಡೆದಾಗಲೆಲ್ಲ ಹಾಡುವವರ ದನಿಯನ್ನೇ ಅದುಮಿ ಹಾಕುತ್ತದೆ. ಹಾಗೆಂದು ತಾಳ ಕೆಳಗಿಡಿಸಿದರೆ ಅವರಿಗೆ ಹಾಡೇ ಬರುವುದಿಲ್ಲ. ಒಂದೆರಡು ಸಲ ಇಡಿಸಿ ನೋಡಿದೆ. ಬರಿಗೈಯಲ್ಲಿ ನಿಂತವರು ಎರಡನೇ ಸಾಲಿಗೆ ಬರುವಷ್ಟರಲ್ಲಿ ದಾರಿ ತಪ್ಪಿದರು. ಆಮೇಲೆ ತಾಳಕ್ಕೆ ಮೈ ಒರಸುವ ಬೈರಾಸು ಸುತ್ತಿ ಕೈಗೆ ಕೊಡುವ ಕ್ರಮ ಮಾಡಿದೆ. ಸದ್ದಿಲ್ಲದ ತಾಳ ಹೊಡೆಯುತ್ತಾ ಭಕ್ತಿಯಿಂದ ಹಾಡುತ್ತಾರೆ.

ಅವರು ಬಂದು ಹೋಗುವುದು ಒಂದೆರಡು ಗಂಟೆ. ಆಮೇಲೆ ದಿನಗಟ್ಟಲೆ ಬಾಗಿಲು ಹಾಕಿ, ಹೆಡ್‌ಫೋನ್ ಹಾಕಿ, ಅವರು ಬಿಟ್ಟುಹೋದ ದನಿಯ ಜೊತೆ ನಾನೊಬ್ಬನೇ. ಊಟವೂ ಅಲ್ಲೇ. ಸಂಜೆ ಬೆಳ್ತಂಗಡಿಯ ಬಸ್ಸು ಹಿಡಿದು ಲಾಯಿಲದ ಬಾಡಿಗೆ ಮನೆಗೆ. ಮದುವೆಯ ಮಾತು ಬಂದಾಗಲೆಲ್ಲ ಸೀಸನ್ನಿನ ಕೆಲಸ ತಲೆಯ ಮೇಲಿತ್ತು. ಕೆಲಸ ಇಳಿದಾಗ ಮಾತು ಎತ್ತುವವರು ಇರಲಿಲ್ಲ. ಮಸ್ಕತ್ತಿನಲ್ಲಿರುವ ತಮ್ಮ ಹಬ್ಬಕ್ಕೆ ಫೋನ್ ಮಾಡುತ್ತಾನೆ. ಇದನ್ನೆಲ್ಲ ನಾನು ದುಃಖವೆಂದು ಎಣಿಸಿರಲಿಲ್ಲ. ಸದ್ದಿಲ್ಲದ ಮನೆ ಎಂದರೆ ನನ್ನ ಕಸುಬಿನವನಿಗೆ ಸೌಕರ್ಯವೇ.

ಪಕ್ಕದ ಕೋಣೆಯಲ್ಲಿ ಒಬ್ಬರು ಹೊಲಿಗೆಯವರಿದ್ದಾರೆ, ನನಗಿಂತ ನಾಲ್ಕೈದು ವರ್ಷ ಚಿಕ್ಕ ಹೆಂಗಸು. ಅವರ ಮೆಷಿನಿನ ಸದ್ದು ಗೋಡೆ ದಾಟಿ ಮೈಕಿಗೆ ಬೀಳುತ್ತಿತ್ತು. ಅದಕ್ಕೆ ಒಂದು ಏರ್ಪಾಡು ಮಾಡಿಕೊಂಡಿದ್ದೆವು. ರೆಕಾರ್ಡಿಂಗ್ ಶುರುವಾಗುವಾಗ ನಾನು ಗೋಡೆಗೆ ತಟ್ಟುವುದು, ಅವರು ಮೆಷಿನ್ ನಿಲ್ಲಿಸುವುದು. ಮುಗಿದಾಗ ಪುನಃ ತಟ್ಟುವುದು. ಹತ್ತು ವರ್ಷಕ್ಕೂ ಮಿಕ್ಕಿ ನಮ್ಮ ನಡುವಿನ ಮಾತುಕತೆ ಹೆಚ್ಚಾಗಿ ಇಷ್ಟೇ. ಮೆಟ್ಟಿಲಲ್ಲಿ ಎದುರಾದರೆ ಸೆಕೆಯ ಬಗ್ಗೆ ಎರಡು ಮಾತು.

ನನ್ನ ಹಳೆಯ ಗಿರಾಕಿಗಳಲ್ಲಿ ಬೆಳುವಾಯಿಯ ಒಬ್ಬ ಟೀಚರ್ ಇದ್ದಾರೆ. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ವರ್ಷಕ್ಕೆ ಎರಡು ಮೂರು ಭಜನೆ ನನ್ನಲ್ಲಿ ಹಾಡಿ ಪರಿಚಯದವರಿಗೆಲ್ಲ ಮೊಬೈಲಿನಲ್ಲಿ ಕಳಿಸುತ್ತಾರೆ. ದನಿ ಚಂದ. ಸಕಾರ ಮಾತ್ರ ಚೂಪು, ಹಿಂದಿನ ಬೆಂಚಿನವರೆಗೂ ಮುಟ್ಟಬೇಕೆಂದು ಸರ್ವಿಸ್ ಪೂರ್ತಿ ಉಚ್ಚರಿಸಿದ ಸಕಾರ. ಮೊದಲೆಲ್ಲ ಅವರ ಒಂದು ಹಾಡಿಗೆ ನನ್ನ ಎರಡು ದಿನ ಹೋಗುತ್ತಿತ್ತು. ಈಚಿನ ವರ್ಷಗಳಲ್ಲಿ ಕೆಲಸ ಹಗುರವಾಯಿತು. ಅವರ ಸಕಾರ ಮೆತ್ತಗಾಗುತ್ತಾ ಬಂದಂತೆ ನನಗೆ ಕೇಳಿಸಿತು. ಪ್ಲಗಿನ್ನಿನ ಒತ್ತಡ ಇಳಿಸಿದೆ, ಮರುವರ್ಷ ಇನ್ನಷ್ಟು ಇಳಿಸಿದೆ, ಕಳೆದ ಸಲ ತೆಗೆದೇ ಬಿಟ್ಟೆ. ನಿವೃತ್ತಿಯಾದ ಮೇಲೆ ನಿಮ್ಮ ಸಕಾರ ಸೌಮ್ಯವಾಗಿದೆ ಎಂದು ಅವರಿಗೆ ಹೇಳಿದೆ ಕೂಡಾ. ಅವರು ತುಂಬಾ ಸಂತೋಷಪಟ್ಟರು.

ಅವರದ್ದು ಮಾತ್ರವಲ್ಲ, ಆ ವರ್ಷಗಳಲ್ಲಿ ಲೋಕವೇ ಸ್ವಲ್ಪ ಮೆತ್ತಗಾಗಿತ್ತು. ಲಾಯಿಲದ ಮನೆಯ ಹಿಂದೆ ಜೀರುಂಡೆಗಳು ಕಮ್ಮಿಯಾಗಿದ್ದವು. ಯಾರೋ ಏನೋ ಮದ್ದು ಬಿಡುತ್ತಿದ್ದಾರೆ ಎಂದುಕೊಂಡೆ. ಬೆಳಿಗ್ಗೆ ನೀರುದೋಸೆ ಹೊಯ್ದರೆ ಕಾವಲಿ ಚುಂಯ್ ಎನ್ನುತ್ತಿರಲಿಲ್ಲ. ಕಾದಿಲ್ಲವೆಂದು ಗ್ಯಾಸ್ ದೊಡ್ಡದು ಮಾಡುತ್ತಿದ್ದೆ, ದೋಸೆ ಸೀದು ಹೋಗುತ್ತಿತ್ತು. ಕಾವಲಿಗೆ ಬೈದು ಹೊಸದೊಂದು ತಂದೆ. ಅದೂ ಸುಮ್ಮನಿತ್ತು.

ಕಳೆದ ಹಾಡು ಕಳಿಸಿದ ಮರುದಿನ ಟೀಚರ್ ಫೋನ್ ಮಾಡಿದರು. ಸಕಾರ ಬಂದಲ್ಲೆಲ್ಲ ಕಿವಿಗೆ ಸೂಜಿ ಹಾಕಿದ ಹಾಗಾಗುತ್ತದೆ, ಪೂರ್ತಿ ಕೇಳಲಿಕ್ಕೇ ಆಗಲಿಲ್ಲ ಎಂದರು. ನನಗೆ ಸಿಟ್ಟು ಬಂತು. ನಿಮ್ಮ ಮೊಬೈಲಿನ ಸ್ಪೀಕರ್ ಸರಿಯಿಲ್ಲ ಎಂದೆ. ತಂಗಿಯ ಮೊಬೈಲಿನಲ್ಲೂ ಹಾಗೇ ಇದೆ ಎಂದರು. ತಂಗಿಯದ್ದೂ ಸರಿಯಿಲ್ಲ ಎಂದೆ. ಹಾಗೆ ನೋಡಿದರೆ ಅದೇ ತಿಂಗಳು ಇನ್ನಿಬ್ಬರು ಇದೇ ದೂರು ತಂದಿದ್ದರು, ಅವರ ಮೊಬೈಲುಗಳನ್ನೂ ಹಾಳೆಂದು ತೀರ್ಮಾನಿಸಿ ಕಳಿಸಿದ್ದೆ. ಟೀಚರ್ ವಾದ ಮಾಡಲಿಲ್ಲ. ಎರಡು ದಿನ ಬಿಟ್ಟು ಮೂಡಬಿದಿರೆಗೆ ಬಂದು, ಅಲ್ಲಿಂದ ಬಂಟ್ವಾಳದ ಬಸ್ಸು ಹಿಡಿದು, ಮೆಟ್ಟಿಲು ಹತ್ತಿ ನನ್ನ ಕೋಣೆಗೇ ಬಂದರು.

ಹಾಡು ಹಾಕಲು ಹೇಳಿದರು. ಹಾಕಿದೆ. ಒಂದು ಕಡೆ ಮುಖ ಹಿಂಡಿ, ಇಲ್ಲಿ, ಎಂದರು. ಅಲ್ಲಿ ನನಗೆ ಏನೂ ಸಿಗಲಿಲ್ಲ, ಹಾಗೆಂದು ಹೇಳಿದೆ. ಅವರು ಹಾಡು ನಿಲ್ಲಿಸಲು ಹೇಳಿ, ಎದ್ದು ನನ್ನ ಕುರ್ಚಿಯ ಹಿಂದೆ ಹೋಗಿ ನಿಂತರು. ತಿರುಗಬಾರದು, ಅವರು ಏನು ಹೇಳುತ್ತಾರೆ ಎಂದು ನಾನು ಹೇಳಬೇಕು ಎಂದರು. ನಾನು ಹುಡುಗರ ಹಾಗೆ ಗೋಡೆ ನೋಡುತ್ತಾ ಕೂತೆ. ಅವರು ಶುರು ಮಾಡುವುದನ್ನೇ ಕಾದೆ. ಕೊನೆಗೆ, ಇನ್ನು ಹೇಳಬಹುದಲ್ಲ ಎಂದೆ.

"ಮೂರು ಸಲ ಸ್ಸ್ ಅಂತ ಹೇಳಿ ಆಯ್ತು," ಎಂದರು. ಎದುರಿಗೆ ಬಂದು, "ನನ್ನ ಸಕಾರಕ್ಕೆ ಏನೂ ಆಗ್ಲಿಲ್ಲ ಮಾರಾಯ್ರೆ. ನೀವು ಕಿವಿ ತೋರಿಸಿ."

ಕಿವಿಯ ಡಾಕ್ಟರು ಹೆಚ್ಚೇನೂ ಹೇಳಲಿಲ್ಲ. ಸಕಾರದಂಥ ಎತ್ತರದ ಸದ್ದುಗಳು ಹೋಗಿವೆ, ಹೋದದ್ದು ಬರುವುದಿಲ್ಲ. ಪ್ರಾಯದಲ್ಲಿ ನಾನು ಮದುವೆ ಮನೆಗಳಿಗೆ ಸೌಂಡ್ಸ್ ಹಾಕುತ್ತಿದ್ದವನು, ದೊಡ್ಡ ಸ್ಪೀಕರಿಗೆ ಒರಗಿಕೊಂಡೇ ನಿದ್ದೆ ತೆಗೆದವನು. ಆಮೇಲೆ ಇಷ್ಟು ವರ್ಷ ಹೆಡ್‌ಫೋನ್. ಕಿವಿಗೆ ಮೆಷಿನ್ ಇಟ್ಟುಕೊಂಡರೆ ಮಾತು ಸ್ಪಷ್ಟವಾಗುತ್ತದೆ ಎಂದರು. ಇಟ್ಟು ನೋಡಿದೆ. ಮಾತು ಸ್ಪಷ್ಟವಾದದ್ದು ನಿಜ. ಆದರೆ ಅದರಲ್ಲಿ ಎಲ್ಲರ ಸಕಾರವೂ ಒಂದೇ, ತಗಡಿನ ಮೇಲೆ ಹೊಳೆಯ ಹೊಯ್ಗೆ ಚೆಲ್ಲಿದ ಹಾಗೆ. ಸೌಮ್ಯವಾದದ್ದು ಯಾವುದು, ಚೂಪಾದದ್ದು ಯಾವುದು ಎಂದು ಅದು ಹೇಳುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಅದೊಂದೇ.

ಟೀಚರ್ ಅವತ್ತು ಮೆಟ್ಟಿಲಿಳಿಯುವ ಮೊದಲು ಒಂದು ಮಾತು ಹೇಳಿ ಹೋಗಿದ್ದರು. "ಹಾಡು ನಿಮ್ಮಲ್ಲೇ ಇರ್ಲಿ. ನೀವೇ ಸರಿ ಮಾಡಿ ಕೊಡಿ, ನಾನು ಬೇರೆ ಕಡೆಗೆ ಹೋಗುವುದಿಲ್ಲ." ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರೆ ನನಗೂ ಬಿಡುಗಡೆಯಿತ್ತು. ಈಗ ಆ ಒಂದು ಹಾಡು ಸರಿಯಾದರೆ ನಾನು ಈ ಕಸುಬಿನವನು, ಇಲ್ಲವಾದರೆ ಅಲ್ಲ ಎಂದಾಯಿತು. ಕಸುಬು ಹೋದರೆ ಹೊಟ್ಟೆಗೆ ಏನಾದರೂ ದಾರಿ ಆದೀತು. ಆದರೆ ಆ ಮೆಟ್ಟಿಲು ಹತ್ತಿ ನನ್ನ ಹತ್ತಿರ ಬರಲು ಯಾರಿಗೂ ಬೇರೆ ಕಾರಣವಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಮೊದಲು ಕಣ್ಣಿನಿಂದ ಮಾಡಿದೆ. ಸಕಾರ ಬಂದಾಗ ಪರದೆಯ ಮೇಲೆ ಒಂದು ಗೆರೆ ಎದ್ದು ನಿಲ್ಲುತ್ತದೆ. ಗೆರೆ ಎದ್ದಲ್ಲೆಲ್ಲ ಒತ್ತಿ ಟೀಚರಿಗೆ ಕಳಿಸಿದೆ. ಈಗ ಹಲ್ಲು ಸೆಟ್ಟು ತೆಗೆದಿಟ್ಟು ಹಾಡಿದ ಹಾಗಿದೆ ಎಂಬ ಉತ್ತರ ಬಂತು. ಕಮ್ಮಿ ಮಾಡಿ ಕಳಿಸಿದೆ, ಪುನಃ ಸೂಜಿ. ಇನ್ನೊಮ್ಮೆ ಕಳಿಸಲು ನಾಚಿಕೆಯಾಯಿತು.

ಬೇರೊಬ್ಬರ ಕಿವಿ ಬೇಕು, ಅಷ್ಟೇ. ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು, ಇಲ್ಲಿ ಚುಚ್ಚುತ್ತದೆ, ಇಲ್ಲಿ ಇಲ್ಲ ಎಂದು ಹೇಳುವ ಒಬ್ಬರು. ಯಾರನ್ನು ಕರೆಯಲಿ ಎಂದು ಮೊಬೈಲ್ ಹಿಡಿದು ಕೂತೆ. ಅದರಲ್ಲಿದ್ದವರೆಲ್ಲ ಗಿರಾಕಿಗಳು. ಕಿವಿ ಹೋದ ರೆಕಾರ್ಡಿಂಗಿನವನ ಹತ್ತಿರ ನಾಳೆ ಯಾವ ಗಿರಾಕಿ ಬರುತ್ತಾನೆ? ತಮ್ಮನಿಗೆ ಫೋನಿನಲ್ಲಿ ಕೇಳಿಸೋಣವೆಂದರೆ ಸಕಾರವನ್ನು ಫೋನೇ ಅರ್ಧ ತಿಂದುಹಾಕುತ್ತದೆ. ಐವತ್ತು ದಾಟಿದ ಮನುಷ್ಯನಿಗೆ, ಬಾ, ಒಂದು ಹಾಡು ಕೇಳು ಎಂದು ಕರೆಯಲು ಒಬ್ಬರೂ ಇಲ್ಲ ಎಂದು ಆ ಮಧ್ಯಾಹ್ನ ಗೊತ್ತಾಯಿತು. ಬಹಳ ಬೇಸರವಾಯಿತು. ಊಟದ ಡಬ್ಬಿ ಮುಚ್ಚಿಯೇ ಇತ್ತು.

ಗೋಡೆಯ ಆಚೆ ಹೊಲಿಗೆ ಮೆಷಿನ್ ಓಡುತ್ತಿತ್ತು. ಆ ಸದ್ದು ದಪ್ಪ, ನನಗೆ ಈಗಲೂ ಚೆನ್ನಾಗಿ ಕೇಳುತ್ತದೆ. ಗೋಡೆಗೆ ತಟ್ಟಿದೆ. ನಿಂತಿತು. ಎದ್ದು ಹೋಗಿ ಅವರ ಬಾಗಿಲಲ್ಲಿ ನಿಂತೆ.

ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಕಿವಿಯ ವಿಷಯ ಎತ್ತಲಿಲ್ಲ. ಒಂದು ಹಾಡಿಗೆ ಹೊಸ ಕಿವಿ ಬೇಕು, ನಮ್ಮ ಕೆಲಸದಲ್ಲಿ ಅದು ಕ್ರಮ, ಕೇಳಿ ಕೇಳಿ ಹಳತಾದವರಿಗೆ ತಪ್ಪು ತಿಳಿಯುವುದಿಲ್ಲ ಎಂದೆಲ್ಲ ದೊಡ್ಡದಾಗಿ ವಿವರಿಸಿದೆ. ಅವರು ಕುತ್ತಿಗೆಯ ಟೇಪು ತೆಗೆದಿಟ್ಟು ಬಂದರು. ಇಷ್ಟು ವರ್ಷದಲ್ಲಿ ನನ್ನ ಕೋಣೆಯ ಒಳಗೆ ಬಂದದ್ದು ಅದೇ ಮೊದಲು. ಗೋಡೆಯ ಸ್ಪಂಜನ್ನು ಒತ್ತಿ ನೋಡಿದರು. ಹೆಡ್‌ಫೋನಿಗೆ ಕೂದಲು ಸಿಕ್ಕಿ ಸ್ವಲ್ಪ ಒದ್ದಾಡಿದರು. ಬಾಯಲ್ಲಿ ಹೇಳಬೇಡಿ, ಚುಚ್ಚಿದಲ್ಲಿ ಬೆರಳು ಎತ್ತಿ, ತೊದಲಿದ ಹಾಗಾದರೆ ಅಂಗೈ ಆಡಿಸಿ ಎಂದೆ.

ಅವರು ಬೆರಳು ಎತ್ತಿದಲ್ಲಿ ಹೆಚ್ಚು ಒತ್ತಿದೆ, ಅಂಗೈ ಆಡಿಸಿದಲ್ಲಿ ಸಡಿಲ ಬಿಟ್ಟೆ. ಹಾಗೆ ಸಾಲು ಸಾಲಾಗಿ ಮುಂದೆ ಹೋದೆವು. ಮೊದಮೊದಲು ನೆಟ್ಟಗೆ ಏಳುತ್ತಿದ್ದ ಬೆರಳು ಆಮೇಲೆ ಅರ್ಧಕ್ಕೆ ಏಳತೊಡಗಿತು, ಕಡೆಕಡೆಗೆ ಮೇಜಿನ ಮೇಲೆ ಸುಮ್ಮನೆ ಮಿಸುಕಿತು. ಕೊನೆಗೆ ಹಾಡನ್ನು ಮೊದಲಿನಿಂದ ಬಿಟ್ಟೆ. ಒಂದು ಚರಣ ಹೋಯಿತು, ಇನ್ನೊಂದು ಹೋಯಿತು, ಬೆರಳು ಅಲ್ಲಾಡಲಿಲ್ಲ. ಗೆದ್ದೆ ಎಂದುಕೊಂಡೆ. ಹಾಡು ಮುಗಿದರೂ ಅವರು ಹಾಗೇ ಕೂತಿದ್ದರು. ಎಲ್ಲೂ ಚುಚ್ಚಲಿಲ್ಲವಾ ಎಂದು ಕೇಳಿದೆ.

"ಮರ್ತೇ ಹೋಯ್ತು ಅಣ್ಣ," ಎಂದರು. "ಹಾಡು ಕೇಳ್ತಾ ಇದ್ದೆ."

ಇನ್ನೊಮ್ಮೆ ಗಮನವಿಟ್ಟು ಕೇಳಿ, ಎಲ್ಲೂ ಇಲ್ಲ ಎಂದು ಹೇಳಿ ಹೋದರು. ನಾನು ಅವರ ಮೊದಲಿನ ಮಾತಿನಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಆ ಕೋಣೆಯಲ್ಲಿ ಹಾಡು ಕೇಳಿದವರು ಅವರೇ ಮೊದಲಿರಬೇಕು. ನಾನು ಸಕಾರ ಕೇಳುತ್ತಿದ್ದೆ, ಉಸಿರೆಳೆದದ್ದು ಕೇಳುತ್ತಿದ್ದೆ, ಕುರ್ಚಿ ಕಿರುಗುಟ್ಟಿದ್ದು ಕೇಳುತ್ತಿದ್ದೆ. ಟೀಚರ್ ಇಷ್ಟು ವರ್ಷ ಹಾಡಿದ್ದರಲ್ಲಿ ಒಂದು ಪಲ್ಲವಿಯೂ ನನಗೆ ಬಾಯಿಗೆ ಬಾರದು.

ಹಾಡು ಕಳಿಸಿದೆ. ಸಂಜೆಯೊಳಗೆ ಟೀಚರ್ ಫೋನ್ ಮಾಡಿ ಈಗ ಸರಿಯಾಗಿದೆ ಎಂದರು, ಕಿವಿ ಯಾರದ್ದು ಎಂದೂ ಕೇಳಿದರು. ಪಕ್ಕದ ಅಂಗಡಿಯವರದ್ದು ಎಂದೆ. ಮುಂದಿನ ತಿಂಗಳು ಇನ್ನೆರಡು ಹಾಡು ಇದೆ, ಆಗಲೂ ಅವರು ಇರುತ್ತಾರಲ್ಲ ಎಂದು ವಿಚಾರಿಸಿ ಇಟ್ಟರು. ಕಸುಬು ಉಳಿಯಿತು. ಸಂತೋಷವಾಗಬೇಕಿತ್ತು. ಆಯಿತು ಕೂಡಾ, ಸ್ವಲ್ಪ.

ಮರುದಿನ ಹೊಲಿಗೆಯವರು ತಾವಾಗಿಯೇ ಬಂದು, ಟೀಚರ್ ಏನಂದರು ಎಂದು ಕೇಳಿದರು. ಹೇಳಿದೆ. ನೀವು ಹಾಡು ಕೇಳಿದಿರಾ ಎಂದರು. ಕೇಳದೆ ಕಳಿಸುತ್ತೇನಾ ಎಂದು ನಕ್ಕೆ. ಅವರು ನಗಲಿಲ್ಲ. ಕುರ್ಚಿ ಎಳೆದು ಕೂತು, ಇನ್ನೊಮ್ಮೆ ಹಾಕಿ, ಇಬ್ಬರೂ ಕೇಳುವ ಎಂದರು.

ಸ್ಪೀಕರಿನಲ್ಲಿ ಹಾಕಿದೆ. ಹಾರ್ಮೋನಿಯಂ ಬಂತು, ಟೀಚರ ದನಿ ಬಂತು. ಹಾಡನ್ನು ಹಾಡೆಂದು ಕೇಳಲು ನೋಡಿದೆ. ಕೆಲವು ಪದಗಳ ಶುರುವಿನಲ್ಲಿ ಒಂದು ಸಣ್ಣ ಖಾಲಿ, ಕೆಲವುಗಳ ನಡುವೆ ಒಂದು ಖಾಲಿ. ಮಿಕ್ಕದ್ದು ಚೆನ್ನಾಗಿತ್ತು. ಪಕ್ಕಕ್ಕೆ ತಿರುಗಿದರೆ ಹೊಲಿಗೆಯವರು ಬೆರಳು ಎತ್ತಿದ್ದರು. ಈಗಲೂ ಚುಚ್ಚುತ್ತದಾ ಎಂದು ಗಾಬರಿಯಲ್ಲಿ ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಮುಂದಿನ ಖಾಲಿಯಲ್ಲಿ ಪುನಃ ಎತ್ತಿದರು. ಆಗ ನನಗೆ ತಿಳಿಯಿತು. ಅವರು ಚುಚ್ಚಿದ್ದನ್ನು ತೋರಿಸುತ್ತಿರಲಿಲ್ಲ, ಸಕಾರ ಎಲ್ಲೆಲ್ಲಿದೆ ಎಂದು ತೋರಿಸುತ್ತಿದ್ದರು.

"ಕೇಳ್ತದಾ ಅಣ್ಣ?" ಎಂದರು.

ಕೇಳ್ತದೆ ಎಂದೆ. ಅವರು ನನ್ನ ಮುಖ ನೋಡಿದರು. ಹಾಡು ಮುಗಿಯುವವರೆಗೆ ಒಂದೊಂದು ಸಕಾರಕ್ಕೂ ಬೆರಳು ಎತ್ತುತ್ತಲೇ ಇದ್ದರು, ನಾನು ಪ್ರತಿ ಸಲವೂ ಕೇಳಿದವನ ಹಾಗೆ ತಲೆಯಾಡಿಸುತ್ತಲೇ ಇದ್ದೆ.