ಅತ್ತೆಯ ಮಗ್ಗಕ್ಕೆ ನಾನು ಹಾಕಿದ ಕಟ್

ಇವತ್ತು ಬೆಳಗ್ಗೆ ಸೇಲಂನಲ್ಲಿ ಕರೆಂಟ್ ಕಟ್ ಆಯಿತು, ಹಳೆಯದೆಲ್ಲ ನೆನಪಾಯಿತು. ಇಲ್ಲಿನ ನಮ್ಮ ಕನ್ನಡ ನೇಕಾರರ ಬೀದಿಗೆ ‘ಕಟ್’ ಎಂಬ ಪದ ಕಲಿಸಿದವನೇ ನಾನು. ಕ್ಲಾಸು ತಪ್ಪಿಸಿದರೂ ಕಟ್, ಕ್ಷೌರಕ್ಕೂ ಕಟ್, ಸ್ನೇಹ ಮುರಿದರೂ ಕಟ್.

ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ಅತ್ತೆಯ ಮಗ ಮಾದ ಗೋಲಿಯಾಟದಲ್ಲಿ ನನ್ನನ್ನು ಸೋಲಿಸಿದ. “ನಿನ್ ಸ್ನೇಹ ಕಟ್ ಲೇ” ಎಂದವನೇ ಅವರ ಮಗ್ಗದಲ್ಲಿ ಉದ್ದಕ್ಕೆ ಬಿಗಿದಿದ್ದ ಹಾಸುನೂಲಿಗೆ ಬ್ಲೇಡ್ ಎಳೆದೆ.

“ಯಾರ್ಲಾ ಕುಯ್ದಿದ್ದು?” ಎಂದ ಅತ್ತೆಗೆ ಮಾದನನ್ನೇ ತೋರಿಸಿದೆ. ಅವನು ಎಷ್ಟು ಗೋಗರೆದರೂ ಅವಳು ನಂಬಲಿಲ್ಲ. ಬೆರಳಿಗೆ ಬೂದಿ ಹಚ್ಚಿಕೊಂಡು ಕಡಿದ ಎಳೆಗಳನ್ನು ಒಂದೊಂದಾಗಿ ಹೊಸೆಯುತ್ತ, “ನಿನ್ ಇಸ್ಕೂಲೂ ಇವತ್ತಿಂದ ಕಟ್. ಮಗ್ಗುಕ್ಕೆ ಕುಂತ್ಕ” ಅಂದಳು. ಅವನು ಕುಳಿತ. ನಾನು ಹತ್ತನೇ ಕ್ಲಾಸು ಮುಗಿಸಿದೆ.

ಈಗಷ್ಟೇ ಮಾದ, ಸ್ಕೂಲಿಗೆ ಹೊರಟ ತನ್ನ ಮೊಮ್ಮಗಳನ್ನು ಕರೆತಂದ. “ಓದ್ದೋರು ಕಣವ್ವ, ಕಾಲಿಗ್ ಬೀಳು” ಎಂದ. ತಲೆ ಮುಟ್ಟಿ ಹರಸಿದೆ.