ಪಂಪಿನ ಮೇಲಿನ ಒದ್ದೆ ಬಟ್ಟೆ

ಮದುವೆಯಾಗಿ ಸೇಡಂಗೆ ಬಂದಾಗ ಮನೆಯಲ್ಲಿ ನನಗಿಂತ ಮೊದಲೇ ಒಬ್ಬ ಸವತಿ ಇದ್ದಳು. ಮಾವನವರ ಕಾಲದ ಕಾರು. ಉಬ್ಬಿದ ಬಾನೆಟ್ಟು, ಸೋಫಾದಂಥ ಸೀಟು, ಸ್ಟೀರಿಂಗಿನ ಬದಿಗೇ ಗೇರು. ನನ್ನ ಸೀರೆಯ ಬಣ್ಣವನ್ನು ಗಂಡ ಒಮ್ಮೆಯೂ ಗಮನಿಸಿದವರಲ್ಲ; ಆಕೆಯ ಬಣ್ಣದ ಮೇಲೆ ಒಂದು ಗೀರು ಬಿದ್ದರೆ ಊಟ ಬಿಡುತ್ತಿದ್ದರು.

ಆಕೆಗೊಂದು ರೋಗವಿತ್ತು. ನಮ್ಮ ಕಡೆಯ ಬಿಸಿಲಿಗೆ ಇಂಜಿನ್ನಿಗೆ ಅಂಟಿಕೊಂಡ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲು ಆವಿಯಾಗಿ, ನಡುದಾರಿಯಲ್ಲಿ ನಿಂತುಬಿಡುತ್ತಿದ್ದಳು. ಮದ್ದು ಒಂದೇ. ಬಾನೆಟ್ ಎತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ತಣ್ಣಗಾಗುವತನಕ ಕಾಯುವುದು. ಆ ಸೇವೆಯನ್ನು ಗಂಡ ಬೇರೆ ಯಾರಿಗೂ ಬಿಟ್ಟುಕೊಟ್ಟವರಲ್ಲ.

ಹೋದ ವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಎಳೆಯತೊಡಗಿತು, ಮಾತು ಪೂರ್ತಿ ನಿಂತಿತು. ಅನ್ನ ನಾನೇ ಕಲಸಬೇಕು, ಅಂಗಿಯ ಗುಂಡಿ ನಾನೇ ಹಾಕಬೇಕು. ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರು ಇದ್ದದ್ದು ಕಲಬುರಗಿಯಲ್ಲಿ. ಬಾಡಿಗೆ ಗಾಡಿ ತರಿಸಿದರೆ ಹತ್ತಲು ಒಲ್ಲರು. ಹಾಗಾಗಿ ವಾರಕ್ಕೊಮ್ಮೆ ಸವತಿಯ ಸ್ಟೀರಿಂಗ್ ಹಿಡಿಯುವ ಯೋಗ ನನ್ನದಾಯಿತು.

ಮಳಖೇಡ ಬಂತೆಂದರೆ, ಸಿಮೆಂಟ್ ಲಾರಿಗಳ ನಡುವೆ, ಆಕೆ ನಿಲ್ಲುತ್ತಿದ್ದಳು. ಗಂಡ ನನ್ನ ಕೈ ದೂಡಿ ತಾವೇ ಇಳಿಯುತ್ತಿದ್ದರು. ಗಾಡಿಯನ್ನೇ ಆಧಾರವಾಗಿ ಹಿಡಿದು ಮುಂದೆ ಬಂದು, ಎಡಗೈಯಲ್ಲಿ ಬಟ್ಟೆ ಹಾಸಿ, ಅಂಚು ಸರಿಮಾಡುತ್ತಿದ್ದರು. ಇಡೀ ವಾರದಲ್ಲಿ ಅವರು ಯಾರ ಹಂಗೂ ಇಲ್ಲದೆ ಮಾಡುತ್ತಿದ್ದ ಕೆಲಸ ಅದೊಂದೇ. ಮರಳಿ ಬಂದು ಕುಳಿತಾಗ ಅದು ನನ್ನ ಹಳೆಯ ಗಂಡನ ಮುಖ.

ಆದರೆ ನಾವು ಮುಟ್ಟುವಷ್ಟರಲ್ಲಿ ಡಾಕ್ಟರ ಹೊತ್ತು ಮೀರಿರುತ್ತಿತ್ತು. "ಹಿಂಗ ತಪ್ಪಿಸ್ಕೋತ ಹೋದ್ರ ಕೈ ಬರಂಗಿಲ್ರಿ ಅಮ್ಮಾ," ಎಂದರು ಒಂದು ದಿನ. ಚಿತ್ತಾಪುರದಿಂದ ಗಂಡನ ಹಳೆಯ ದೋಸ್ತ್ ಮಿಸ್ತ್ರಿಯನ್ನು ಕರೆಸಿದೆ.

"ಇಲೆಕ್ಟ್ರಿಕ್ ಪಂಪ್ ಹಾಕ್ತೀನ್ರಿ ಭಾಬಿ. ಹಿಂದ ಟ್ಯಾಂಕಿನ ಬಾಜೂಕ ಕುಂದರ್ತದ. ಅಲ್ಲಿ ಇಂಜಿನ್ ಕಾವು ಹತ್ತಂಗಿಲ್ಲ."

"ಮತ್ತ ಹಳೇದು?"

"ಇರ್ಲಿ ಬಿಡ್ರಿ, ಜಾಗಾ ಖಾಲಿ ಕಾಣಬಾರ್ದು. ಪೈಪ್ ಅಷ್ಟ ಬ್ಯಾರೆ ಎಳೀತೀನಿ."

ಹೊಸ ಪಂಪಿಗೆ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸಣ್ಣ ಸ್ವಿಚ್ಚು ಕೂರಿಸಿದ. ಗಂಡ ಬೇವಿನ ಗಿಡದ ಕೆಳಗೆ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು. ಏನು ತಿಳಿಯಿತೋ, ಏನು ಬಿಟ್ಟಿತೋ.

ಆ ವಾರ ಸ್ವಿಚ್ಚು ಒತ್ತಿದೊಡನೆ ಹಿಂದಿನಿಂದ ಟಿಕ್ ಟಿಕ್ ಸದ್ದು ಬಂತು. ಗಂಡ ವಾಡಿಕೆಯಂತೆ ಬಟ್ಟೆ ತೋಯಿಸಿಕೊಂಡು ತೊಡೆಯ ಮೇಲಿಟ್ಟುಕೊಂಡಿದ್ದರು. ಮಳಖೇಡ ಹತ್ತಿರವಾದಂತೆ ಬಾಗಿಲ ಹಿಡಿಕೆಗೆ ಕೈ ಹಾಕಿದರು. ಕಾರು ನಿಲ್ಲಲಿಲ್ಲ. ಕಾಗಿಣಾ ಹೊಳೆ ದಾಟಿತು, ಊರು ಹಿಂದೆ ಉಳಿಯಿತು. ಬಟ್ಟೆಯ ನೀರು ಪ್ಯಾಂಟಿಗೆ ಇಳಿಯುತ್ತಲೇ ಇತ್ತು. ನನಗೆ ಗೆದ್ದ ಖುಷಿ. ಅವರ ಕಡೆ ತಿರುಗಿ ನೋಡಲಿಲ್ಲ.

ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಆದರೆ ಡಾಕ್ಟರು ಎಷ್ಟು ಹೇಳಿದರೂ ಅವರು ಕೈ ಎತ್ತುವ ಪ್ರಯತ್ನ ಮಾಡಲಿಲ್ಲ. ಮರುವಾರವೂ ಹಾಗೇ ಕಲ್ಲಾಗಿ ಕುಳಿತರು. ಗದರಿದೆ, ಕೈಮುಗಿದೆ, ಅತ್ತೆ. ಕೈ ಬರಲೆಂದು ಪಂಪು ಹಾಕಿಸಿದರೆ ಕೈ ಎತ್ತುವ ಮನಸ್ಸೇ ಹೋಗಿತ್ತು. ಯಾರ ಮೇಲೆ ಸಿಟ್ಟಾಗಲಿ?

ಕೊನೆಗೆ ನಾಟಕ ಹೂಡಿದೆ. ಮನೆಯಿಂದ ಬೇಗ ಹೊರಟು, ಮಳಖೇಡ ಬರುವ ಮೊದಲೇ ಮೆಲ್ಲಗೆ ಸ್ವಿಚ್ಚು ಆರಿಸಿದೆ. ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲು ತೀರುವತನಕ ಓಡಿ, ಬಿಕ್ಕಳಿಸಿ ಕಾರು ನಿಂತಿತು.

"ನೋಡ್ರಿ, ನಿಮ್ಮ ಲಾಡ್ಲಿ ಮತ್ತ ನಿಂತಳು!" ಎಂದೆ.

ಅವರು ಇಳಿದರು. ಕೆಲಸವಿಲ್ಲದ ಹಳೆಯ ಪಂಪಿನ ಮೇಲೆ ಬಟ್ಟೆ ಹಾಸಿದರು, ಅಂಚು ಸರಿಮಾಡಿದರು. ಬಂದು ಕುಳಿತ ಮೇಲೆ ನಾನು ಕಳ್ಳಿಯಂತೆ ಸ್ವಿಚ್ಚು ಒತ್ತಿ ಕೀಲಿ ತಿರುಗಿಸಿದೆ. ಅವತ್ತು ಕಲಬುರಗಿಯಲ್ಲಿ ಬಲಗೈಯನ್ನು ಎದೆಯವರೆಗೆ ಎತ್ತಿದರು. ಬೇಸಿಗೆಯುದ್ದಕ್ಕೂ ಈ ನಾಟಕ ನಡೆಯಿತು.

ಹೋದ ವಾರ ಬಿಸಿಲು ಭಾಳ ಇತ್ತು. ಬಾನೆಟ್ಟಿನ ಮುಂದೆ ಅವರ ಕಾಲು ತೊಡರಿತು, ಮಣ್ಣಿನಲ್ಲಿ ಮಂಡಿಯೂರಿಬಿಟ್ಟರು. ಹಿಡಿಯಲು ಹೋದರೆ ನನ್ನನ್ನು ದೂಡಿದರು. ಏಳಲು ಎಷ್ಟೋ ಹೊತ್ತು ಹಿಡಿಯಿತು. ಆದರೂ ಬಟ್ಟೆ ಹಾಸಿಯೇ ಬಂದರು. ಮಂಡಿ ತರಚಿತ್ತು, ತುಟಿ ಒಣಗಿತ್ತು. ನನಗೆ ತಡೆಯಲಾಗಲಿಲ್ಲ. ಅಳುತ್ತಲೇ ಕೀಲಿ ತಿರುಗಿಸಿದೆ. ಇಂಜಿನ್ ಗುರುಗುಟ್ಟಿತು, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಹಿಂದೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಸ್ವಿಚ್ಚಿನ ನೆನಪೇ ನನಗಿರಲಿಲ್ಲ.

ಆಗ ಅವರ ಎಡಗೈ ಅಡ್ಡ ಚಾಚಿ ಡ್ಯಾಶ್‌ಬೋರ್ಡಿನ ಕೆಳಗೆ ಹೋಯಿತು. ತಡಕಾಡಲಿಲ್ಲ. ನೇರ ಸ್ವಿಚ್ಚು ಒತ್ತಿ, ಕೈ ತೊಡೆಯ ಮೇಲಿಟ್ಟುಕೊಂಡು, ರಸ್ತೆ ನೋಡುತ್ತ ಕುಳಿತರು. ಹಿಂದಿನಿಂದ ಟಿಕ್ ಟಿಕ್ ಸದ್ದು ಶುರುವಾಯಿತು.

ಯಾವಾಗಿನಿಂದ ಗೊತ್ತಿತ್ತು? ಆ ಬಿಸಿಲಿನಲ್ಲಿ ಕಾಲೆಳೆಯುತ್ತ ಅವರು ವಾರವಾರವೂ ಇಳಿದದ್ದು ಯಾರಿಗಾಗಿ? ಕೇಳಬಹುದಿತ್ತು. ಹೇಳಲು ಅವರ ಹತ್ತಿರ ಮಾತಿಲ್ಲ.