ನಡೆಯದೆ ಎಳೆದ ಎರಡು ಗೆರೆ

ಕೊರೊನಾ ಮುಗಿದ ಮರುವರ್ಷ ನಾನು ಗುಜರಾತಿನ ವಡೋದರಾದ ಅಲ್ಕಾಪುರಿಯಲ್ಲಿ ಶ್ವಾಸಕೋಶದ ಕ್ಲಿನಿಕ್ ಒಂದರಲ್ಲಿ ಆಯಾ ಆಗಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಹಿಡಿದ ಕೆಲಸ. ಮಕ್ಕಳೇ, ಈ ವಿಷಯ ನಿಮ್ಮ ಅಪ್ಪನಿಗೂ ಹೇಳಿಲ್ಲ.

ಅಲ್ಲಿ ಆರು ನಿಮಿಷದ ನಡಿಗೆ ಪರೀಕ್ಷೆ ಇತ್ತು. ಕಾರಿಡಾರ್‌ನ ಉದ್ದ ಮೂವತ್ತು ಮೀಟರ್. ರೋಗಿ ಒಮ್ಮೆ ತುದಿ ಮುಟ್ಟಿದರೆ ಹಾಳೆಯ ಮೇಲೆ ಒಂದು ಗೆರೆ. ಗೆರೆ ಎಳೆಯುವುದು ನನ್ನ ಪಾಲಿನದು. ಊರ ಶಾಲೆಯಲ್ಲಿ ಏಳನೇ ತರಗತಿ ಓದಿದ ನನಗೆ ಅದೇ ದೊಡ್ಡ ಜವಾಬ್ದಾರಿ.

ವಾಸುದೇವಣ್ಣ ಪಕ್ಕದ ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹುಯ್ದವರು, ನಮ್ಮೂರ ಕಡೆಯವರೇ. ಅವರಿಗೆ ಸಿಒಪಿಡಿ, ಶ್ವಾಸನಾಳ ಕಿರಿದಾಗುವ ಕಾಯಿಲೆ. ಏದುಸಿರಿಗೆ ಹೆದರಿ ನಡೆಯುವುದನ್ನು ಬಿಟ್ಟಿದ್ದರು. ನಡೆಯದೆ ತೊಡೆ ಕರಗಿತ್ತು. ಸೋತ ಕಾಲಿನಿಂದ ಏದುಸಿರು ಇನ್ನೂ ಹೆಚ್ಚಿತ್ತು.

"ಕಾಲು ನುಗ್ಗೆಕಾಯಿ ಆಗಿದೆ ಅಕ್ಕ, ಸಾಂಬಾರಿಗೆ ಹಾಕ್ಬಹುದು," ಎಂದು ನಗುತ್ತಿದ್ದರು.

ಹತ್ತು ಗೆರೆ ಬಂದರೆ ಕೆಲಸಕ್ಕೆ ಹೋಗಬಹುದು, ಇಲ್ಲದಿದ್ದರೆ ಮೊದಲು ಎರಡು ತಿಂಗಳು ಕಾಲಿನ ವ್ಯಾಯಾಮ ಎಂದು ಡಾಕ್ಟರ್ ಹೇಳಿದ್ದರು. ಆ ದಿನ ಪರೀಕ್ಷೆ ನಡೆಸುವ ಥೆರಪಿಸ್ಟ್ ಹುಡುಗಿ ಒಳಗೆ ಹೋಗಿದ್ದಳು. ಎಂಟನೆಯ ಸಲ ತುದಿ ಮುಟ್ಟಿ ವಾಸುದೇವಣ್ಣ ಗೋಡೆ ಹಿಡಿದು ನಿಂತರು. ಅಷ್ಟರಲ್ಲಿ ಆರು ನಿಮಿಷ ಮುಗಿಯಿತು.

"ಎರಡು ತಿಂಗಳು ಕೂತ್ರೆ ದೋಸೆ ಕಾವಲಿ ಬೇರೆಯವನ ಕೈಗೆ ಹೋಗ್ತದೆ. ನಮ್ಮೂರವರು ನೀವು, ಎಂತಾದ್ರೂ ಮಾಡಿ."

ಪರವೂರಿನಲ್ಲಿ ನಮ್ಮವರೊಬ್ಬರು ಕೇಳಿದಾಗ ಇಲ್ಲ ಎನ್ನುವುದು ನನಗೆ ಬರಲಿಲ್ಲ. ಇನ್ನೆರಡು ಗೆರೆ ಎಳೆದೆ.

"ಸರಸ್, ಕಾಕಾ," ಎಂದು ಗುಜರಾತಿಯಲ್ಲಿ ಮೆಚ್ಚಿ ಡಾಕ್ಟರ್ ಸರ್ಟಿಫಿಕೇಟಿಗೆ ಸಹಿ ಹಾಕಿದರು.

ಮೂರು ವಾರವೂ ಆಗಿರಲಿಲ್ಲ. ಹೋಟೆಲಿನಲ್ಲಿ ಹಿಟ್ಟಿನ ಪಾತ್ರೆ ಎತ್ತುವಾಗ ವಾಸುದೇವಣ್ಣ ಮೊಣಕಾಲು ಮಡಚಿ ಬಿದ್ದರು, ಸೊಂಟದ ಮೂಳೆ ಮುರಿಯಿತು. ತಿಂಗಳುಗಟ್ಟಲೆ ಮಲಗಿದರು. ಮೂಗಿಗೆ ಆಕ್ಸಿಜನ್ ನಳಿಕೆ ಬಂತು. "ಶ್ವಾಸಕೋಶವನ್ನು ನಾವು ಸರಿಮಾಡಲಾರೆವು. ಕಾಲನ್ನು ಮಾಡಬಹುದಿತ್ತು, ಆಗ ಶುರು ಮಾಡಿದ್ದರೆ," ಎಂದರು ಡಾಕ್ಟರ್. ಆ ಹಾಳೆ ಅವರ ಕೈಯಲ್ಲೇ ಇತ್ತು. ನಾನು ಮುಂದಿನ ರೋಗಿಯನ್ನು ಕರೆದೆ.

ಮತ್ತೆ ಪರೀಕ್ಷೆಗೆ ಬಂದಾಗ ವಾಕರ್ ಹಿಡಿದು ಎರಡು ಸಲ ತುದಿ ಮುಟ್ಟಿದರು. ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಏದುಸಿರು ಬಿಟ್ಟರು.

"ಎಷ್ಟು ಬರೆದ್ರಿ ಅಕ್ಕ?"

"ಎರಡು."

"ಅವತ್ತೂ ನಡೆದಷ್ಟೇ ಬರೀಬೇಕಿತ್ತು."

ಕೇಳಿದ್ದು ನೀವೇ ಅಲ್ಲವೇ ಎನ್ನಬಹುದಿತ್ತು. ಆದರೆ ಪೆನ್ನು ಇದ್ದದ್ದು ನನ್ನ ಕೈಯಲ್ಲಿ. ಅವರು ಮತ್ತೆ ಕಾವಲಿಯ ಮುಂದೆ ನಿಲ್ಲಲಿಲ್ಲ. ಕನಿಕರದಿಂದ ಬರೆದ ಸುಳ್ಳೂ ಸುಳ್ಳೇ. ಅದರ ನೋವನ್ನು ಬರೆದವರು ಉಣ್ಣುವುದಿಲ್ಲ, ನಡೆಯಬೇಕಾದವರು ಉಣ್ಣುತ್ತಾರೆ.